ಚೌಕಗಳ ನಡುವಿನ ಬಿಳಿ: ಗ್ರಾಫಿಕ್ ಕಾದಂಬರಿ, ಮಾಂಗಾ, ವೆಬ್‌ಟೂನ್ ಓದುವ ಬಗೆ

ಮುನ್ನೂರು ಪುಟದ ಗ್ರಾಫಿಕ್ ಕಾದಂಬರಿಯನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿ, "ಇಷ್ಟೇನಾ? ಇದಕ್ಕೆ ಇಷ್ಟೊಂದು ದುಡ್ಡಾ?" ಎಂದು ಮಡಚಿಟ್ಟವರನ್ನು ಕಂಡಿದ್ದೇನೆ. ಅವರು ಓದಿದ್ದು ಮಾತಿನ ಗುಳ್ಳೆಗಳನ್ನಷ್ಟೇ. ಅವರನ್ನು ದೂರುವಂತೆಯೂ ಇಲ್ಲ. ಬಾಲಮಂಗಳದ ಡಿಂಗ, ಅಮರ ಚಿತ್ರ ಕಥೆ ಓದಿ ಬೆಳೆದ ನಮಗೆ ಮೇಲಿನ ಪಟ್ಟಿಯಲ್ಲಿ 'ರಾಜನಿಗೆ ಕೋಪ ಬಂತು' ಎಂದಿರಬೇಕು, ಕೆಳಗೆ ರಾಜ ಕಣ್ಣು ಕೆಂಪಗೆ ಮಾಡಿಕೊಂಡಿರಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೂ ಕಥೆ ನಡೆದುಹೋಗುತ್ತಿತ್ತು. ಈಚಿನ ಕೃತಿಗಳಲ್ಲಿ ಆ ಅನುಕೂಲವಿಲ್ಲ. ಮಾತು ಬಿಟ್ಟದ್ದನ್ನು ಚಿತ್ರ ಹೇಳುತ್ತದೆ. ಚಿತ್ರವೂ ಬಿಟ್ಟದ್ದು ಎರಡು ಚೌಕಗಳ ನಡುವಿನ ಬಿಳಿಯಲ್ಲಿರುತ್ತದೆ.

ಹೆಸರುಗಳು

ಗ್ರಾಫಿಕ್ ಕಾದಂಬರಿ ಎಂಬ ಹೆಸರು ಜನಪ್ರಿಯವಾದದ್ದು ಅಮೆರಿಕದ ವಿಲ್ ಐಸ್ನರ್ 1978ರಲ್ಲಿ ತಂದ 'ಎ ಕಾಂಟ್ರ್ಯಾಕ್ಟ್ ವಿತ್ ಗಾಡ್' ಪುಸ್ತಕದಿಂದ. 'ಕಾದಂಬರಿ' ಎಂದರೂ ಈ ಗುಂಪಿನ ಹೆಸರಾಂತ ಪುಸ್ತಕಗಳಲ್ಲಿ ಹಲವು ಆತ್ಮಕಥನಗಳು. ನಾತ್ಸಿ ಶಿಬಿರದಿಂದ ಬದುಕಿ ಬಂದ ತಂದೆಯ ಕಥೆಯನ್ನು ಇಲಿ–ಬೆಕ್ಕುಗಳ ಮೂಲಕ ಹೇಳಿದ ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್'ಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. 2025ರಲ್ಲಿ ಟೆಸ್ಸಾ ಹಲ್ಸ್ ಅವರ 'ಫೀಡಿಂಗ್ ಘೋಸ್ಟ್ಸ್'ಗೆ ಅದೇ ಪುಲಿಟ್ಜರ್, ಆತ್ಮಕಥನದ ವಿಭಾಗದಲ್ಲೇ ಸಿಕ್ಕಿತು. ನಮ್ಮ ದೇಶದಲ್ಲಿ ಈ ಬಗೆಯ ಮೊದಲ ಪುಸ್ತಕವೆಂದು ಹೆಸರಿಸುವುದು ನರ್ಮದಾ ಅಣೆಕಟ್ಟಿನ ಸುತ್ತ ಒರಿಜಿತ್ ಸೇನ್ ಬರೆದ 'ರಿವರ್ ಆಫ್ ಸ್ಟೋರೀಸ್' (1994).

ಮಾಂಗಾ ಎಂದರೆ ಜಪಾನಿನ ಕಾಮಿಕ್ಸ್. ವೆಬ್‌ಕಾಮಿಕ್ಸ್ ಅಂತರ್ಜಾಲದಲ್ಲೇ ಹುಟ್ಟುವಂಥದ್ದು. ಮೊಬೈಲ್‌ನಲ್ಲಿ ಮೇಲಿನಿಂದ ಕೆಳಗೆ ಸರಿಸುತ್ತ ಓದುವ ಅದರ ಕೊರಿಯನ್ ರೂಪ ವೆಬ್‌ಟೂನ್.

ಬಿಳಿಯಲ್ಲಿ ನಡೆಯುವುದು

ಕಾಮಿಕ್ಸ್ ಓದುವ ಪಾಠವನ್ನು ಕಾಮಿಕ್ಸ್‌ನಲ್ಲೇ ಹೇಳಿದವರು ಸ್ಕಾಟ್ ಮೆಕ್‌ಕ್ಲೌಡ್, 1993ರ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್'ನಲ್ಲಿ. ಅವರು ಕೊಡುವ ಒಂದು ಉದಾಹರಣೆ: ಮೊದಲ ಚೌಕದಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ, ಎದುರಿನವನು ಬೇಡವೆಂದು ಕೂಗುತ್ತಿದ್ದಾನೆ. ಎರಡನೆಯದರಲ್ಲಿ ರಾತ್ರಿಯ ಊರು, ಒಂದು ಚೀತ್ಕಾರ. ಏಟು ಬಿದ್ದದ್ದನ್ನು ಯಾರೂ ಬರೆದಿಲ್ಲ. ಕೊಡಲಿ ಇಳಿಸಿದ್ದು ಓದುಗ.

ರಿಚರ್ಡ್ ಮೆಕ್‌ಗ್ವಾಯರ್ ಅವರ 'ಹಿಯರ್' (2014) ಇದನ್ನೇ ಇಡೀ ಪುಸ್ತಕಕ್ಕೆ ಹಿಗ್ಗಿಸುತ್ತದೆ. ಪುಟ ತಿರುವಿದರೂ ಅದೇ ಕೋಣೆಯ ಅದೇ ಮೂಲೆ. ಬದಲಾಗುವುದು ಚೌಕದ ತಲೆಯ ಮೇಲಿನ ಇಸವಿ. ಒಂದು ಕಾಲದ ಕೋಣೆಯೊಳಗೆ ಇನ್ನೊಂದು ಕಾಲದ ಪುಟ್ಟ ಚೌಕ ತೆರೆದುಕೊಳ್ಳುತ್ತದೆ. ಮನೆ ಕಟ್ಟುವ ಮೊದಲು ಅಲ್ಲಿದ್ದ ಕಾಡೂ ಬರುತ್ತದೆ. ಕಥೆ ಎಲ್ಲಿ ಎಂದು ಹುಡುಕಿದರೆ ಸಿಗುವುದಿಲ್ಲ. ಅಜ್ಜಿಮನೆಯ ಹಳೆಯ ಗೋಡೆಯನ್ನು ನೋಡುತ್ತ ಕೂತಂತೆ ನೋಡಬೇಕು.

ಬಲದಿಂದ ಎಡಕ್ಕೆ

ಮಾಂಗಾ ಕೈಗೆತ್ತಿಕೊಂಡ ಹೊಸಬರಿಗೆ ಮೊದಲ ತೊಡಕು ದಿಕ್ಕು. ನಮಗೆ ಕೊನೆಯ ಪುಟವೆನಿಸುವುದೇ ಅದರ ಮೊದಲ ಪುಟ. ಪ್ರತಿ ಪುಟವನ್ನೂ ಮೇಲಿನ ಬಲಮೂಲೆಯಿಂದ ಶುರುಮಾಡಿ ಎಡಕ್ಕೆ, ಆಮೇಲೆ ಕೆಳಕ್ಕೆ ಓದಬೇಕು. ಗುಳ್ಳೆಗಳೂ ಅದೇ ಸಾಲಿನಲ್ಲಿ. ನಾನು ನನ್ನ ಮೊದಲ ಮಾಂಗಾದ ಹತ್ತು ಪುಟವನ್ನು ಉಲ್ಟಾ ಓದಿ, ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬರುವುದನ್ನು ಹೊಸ ತಂತ್ರವೆಂದೇ ಮೆಚ್ಚಿಕೊಂಡಿದ್ದೆ.

ಈ ದಿಕ್ಕು ನಮಗೆ ತೀರಾ ಹೊಸದೇನಲ್ಲ. ತರೀಕೆರೆಯ ಬಳಿ ಅಮೃತಾಪುರದಲ್ಲಿ 1196ರ ಹೊಯ್ಸಳ ಗುಡಿಯಿದೆ. ಅಲ್ಲಿ ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆ ಮತ್ತು ಮಹಾಭಾರತದ ಫಲಕಗಳು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತವೆ. ಗೋಡೆಗೆ ಮುಖಮಾಡಿ ನಿಂತರೆ ಅದು ಬಲದಿಂದ ಎಡಕ್ಕೆ. ದಕ್ಷಿಣದ ಗೋಡೆಯ ರಾಮಾಯಣ ಮಾತ್ರ, ಹೊಯ್ಸಳರಲ್ಲಿ ಅಪರೂಪವೆಂಬಂತೆ, ಅಪ್ರದಕ್ಷಿಣವಾಗಿ, ಅಂದರೆ ನಮ್ಮ ಲಿಪಿಯ ದಿಕ್ಕಿನಲ್ಲಿ ನಡೆಯುತ್ತದೆ.

ಮೊದಮೊದಲು ಇಂಗ್ಲಿಷಿಗೆ ತಂದವರು ಮಾಂಗಾ ಪುಟಗಳನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ ಅಚ್ಚುಹಾಕುತ್ತಿದ್ದರು. ಸಮುರಾಯಿಗಳೆಲ್ಲ ಎಡಗೈಯಲ್ಲಿ ಕತ್ತಿ ಹಿಡಿಯುವಂತಾಯಿತು! ಈಗ ಬಹುತೇಕ ಮೂಲದ ದಿಕ್ಕಿನಲ್ಲೇ ಬರುತ್ತವೆ.

ಮಾಂಗಾ ಮೊದಲು ಪತ್ರಿಕೆಯ ಅಗ್ಗದ ಕಾಗದದಲ್ಲಿ, ಹೆಚ್ಚಾಗಿ ಕಪ್ಪು–ಬಿಳುಪಿನಲ್ಲಿ, ಕಂತುಕಂತಾಗಿ ಬರುತ್ತದೆ. 1968ರಲ್ಲಿ ಶುರುವಾದ 'ಶೋನೆನ್ ಜಂಪ್' 1995ರ ಹೊತ್ತಿಗೆ ಸಂಚಿಕೆಯೊಂದಕ್ಕೆ 65 ಲಕ್ಷ ಪ್ರತಿ ದಾಟಿತ್ತು. ಮುಂದಿನ ಸಂಚಿಕೆ ಕೊಳ್ಳುವಂತೆ ಮಾಡಬೇಕಾದ ಕಲಾವಿದ ಪುಟ ತಿರುವುವ ಜಾಗವನ್ನೇ ಅಸ್ತ್ರ ಮಾಡಿಕೊಂಡ: ಎಡಪುಟದ ಕೊನೆಯ ಚೌಕದಲ್ಲಿ ಬಾಗಿಲು ಕಿರ್ರೆನ್ನುತ್ತದೆ, ಒಳಗಿದ್ದವರು ಕಾಣುವುದು ಪುಟ ತಿರುಗಿದ ಮೇಲೆ.

ಸದ್ದಿನ ಪದಗಳು ಚಿತ್ರದ ಭಾಗವಾಗಿಯೇ ಇರುತ್ತವೆ. ಸದ್ದಿಲ್ಲದಿರುವುದಕ್ಕೂ ಜಪಾನಿಯಲ್ಲಿ ಒಂದು ಪದವಿದೆ, 'ಶೀನ್'. ಇದು ಇಂಗ್ಲಿಷಿಗೆ ತರುವವರಿಗೆ ತಲೆನೋವು. ಕನ್ನಡಕ್ಕೆ ತರುವವರಿಗೆ ಅಷ್ಟಿರಲಾರದು. ಮಕ್ಕಳು ರಜೆ ಮುಗಿಸಿ ಹೋದ ಮೇಲೆ ಮನೆ 'ಬಿಕೋ' ಅನ್ನುವುದಿಲ್ಲವೇ?

ಈಚಿನವುಗಳಲ್ಲಿ ನನಗೆ ಹಿಡಿಸಿದ್ದು 2020ರಲ್ಲಿ ಶುರುವಾದ 'ಫ್ರೀರೆನ್'. ಕಾನೆಹಿತೊ ಯಮಾದ ಅವರ ಕಥೆ, ತ್ಸುಕಾಸ ಅಬೆ ಅವರ ಚಿತ್ರ. ರಾಕ್ಷಸರಾಜನನ್ನು ಕೊಂದು ನಾಲ್ವರು ಮರಳುವಲ್ಲಿಂದ, ಅಂದರೆ ಬೇರೆ ಕಥೆಗಳು ಮುಗಿಯುವಲ್ಲಿಂದ ಇದು ಶುರು. ಅವರಲ್ಲೊಬ್ಬಳಾದ, ಸಾವಿರ ವರ್ಷ ಬದುಕುವ ಫ್ರೀರೆನ್‌ಗೆ ಹತ್ತು ವರ್ಷದ ಒಡನಾಟ ನಾಲ್ಕು ದಿನವಿದ್ದಂತೆ. ಉಲ್ಕೆಗಳ ಮಳೆ ನೋಡಲು ಮತ್ತೆ ಸೇರೋಣ ಎಂದು ಹೊರಟವಳು ಬರುವುದು ಐವತ್ತು ವರ್ಷ ಕಳೆದು. ಎದುರಿಗಿದ್ದ ಜೊತೆಗಾರ ಈಗ ಬೋಳುತಲೆಯ, ಕುಗ್ಗಿದ ಮುದುಕ; ಅವಳು ಮಾತ್ರ ಹಾಗೇ ಇದ್ದಾಳೆ. ಸ್ವಲ್ಪ ದಿನಕ್ಕೇ ಅವನು ತೀರಿಕೊಂಡಾಗ ಅವಳಿಗೆ ಅಳು ಬರುತ್ತದೆ, ಅವನನ್ನು ಅರಿಯುವ ಪ್ರಯತ್ನವನ್ನೇ ಮಾಡಲಿಲ್ಲವಲ್ಲ ಎಂದು. ಇಷ್ಟೂ ಮೊದಲ ಅಧ್ಯಾಯದಲ್ಲೇ.

ಬೆರಳಿನಿಂದ ಸರಿಸುವ ಕಥೆ

ವೆಬ್‌ಟೂನ್‌ನಲ್ಲಿ ಪುಟವೇ ಇಲ್ಲ. 2003ರಲ್ಲಿ ಕೊರಿಯಾದ ಕಾಂಗ್ ಫುಲ್ ಉದ್ದಕ್ಕೆ ಇಳಿಯುವ ಪ್ರೇಮಕಥೆ ಬರೆದು ಗೆದ್ದರು. ಮರುವರ್ಷ ನೇವರ್ ಕಂಪನಿಯೂ ವೆಬ್‌ಟೂನ್‌ಗೆ ಇಳಿಯಿತು. ಇಲ್ಲಿ ಚೌಕಗಳ ನಡುವಿನ ಅಂತರವೇ ಗಡಿಯಾರ. ಮಾತಿಗೆ ಮಾತು ಬೆಳೆಯುತ್ತಿದ್ದರೆ ಚೌಕಗಳು ಒತ್ತೊತ್ತಾಗಿರುತ್ತವೆ. ಯಾರಾದರೂ ಉತ್ತರಿಸಲು ತಡೆದರೆ ಬೆರಳು ಎರಡು ಮೂರು ಸಲ ಸರಿಸಿದರೂ ಬರೀ ಬಿಳಿ. ಕಟ್ಟಡದಿಂದ ಬಿದ್ದವನ ಜೊತೆ ನಾವೂ ಬೀಳುತ್ತೇವೆ. 'ಸೋಲೋ ಲೆವೆಲಿಂಗ್'ನಂಥ ಹೊಡೆದಾಟದ ಕಥೆಗಳನ್ನು ಅಚ್ಚಿನಲ್ಲಿ ನೋಡಿದರೆ ಈ ಬೀಳುವ ಸುಖ ಅರ್ಧ ಹೋಗಿರುತ್ತದೆ.

ರ್‍ಯಾಂಡಲ್ ಮನ್ರೋ ತಮ್ಮ ಕಡ್ಡಿಚಿತ್ರಗಳ ವೆಬ್‌ಕಾಮಿಕ್ 'ಎಕ್ಸ್‌ಕೆಸಿಡಿ'ಯಲ್ಲಿ 2013ರಲ್ಲಿ 'ಟೈಮ್' ಎಂಬ ಒಂದೇ ಚೌಕ ಹಾಕಿದರು. ಮೊದಲು ಅರ್ಧ ಗಂಟೆಗೆ, ಆಮೇಲೆ ಗಂಟೆಗೆ ಒಂದರಂತೆ ಅದು ನಾಲ್ಕು ತಿಂಗಳು ಬದಲಾಗುತ್ತ ಹೋಯಿತು. ಒಟ್ಟು 3,099 ಚಿತ್ರ. ಓದುಗರಿಗೆ ಕಾಯುವುದೇ ಓದಾಯಿತು.

ಬಾತುಕೋಳಿಗಳು

ಒಂದೇ ಪುಸ್ತಕ ಓದುವುದಾದರೆ ಕೇಟ್ ಬೀಟನ್ ಅವರ 'ಡಕ್ಸ್' (2022) ಎನ್ನುತ್ತೇನೆ. ಕೆನಡಾದ ಪೂರ್ವದ ಕೇಪ್ ಬ್ರೆಟನ್ ದ್ವೀಪದ ಹುಡುಗಿ, ಓದಿಗೆ ಮಾಡಿದ ಸಾಲ ತೀರಿಸಲು 2005ರಲ್ಲಿ ಪಶ್ಚಿಮದ ಆಲ್ಬರ್ಟಾದ ತೈಲಮರಳಿನ ಗಣಿಗೆ ಕೆಲಸಕ್ಕೆ ಹೋಗುತ್ತಾಳೆ. ಉಪಕರಣ ಎತ್ತಿಕೊಡುವ ಕೌಂಟರು, ಸುತ್ತ ಗಂಡಸರೇ, ದಿನವೂ ಕೀಳು ಮಾತು. ಮಾತಿಗಿಂತ ಕೆಟ್ಟದ್ದೂ ನಡೆಯುತ್ತದೆ. ಎಲ್ಲ ಬೂದು ಬಣ್ಣದಲ್ಲಿ. ಮನುಷ್ಯರ ಸಣ್ಣ ಚೌಕಗಳು ಸಾಲಾಗಿ ಬಂದು, ತಟಕ್ಕನೆ ದೈತ್ಯ ಯಂತ್ರ ಪುಟ ತುಂಬುತ್ತದೆ. ಕಂಪನಿಯೊಂದರ ತ್ಯಾಜ್ಯದ ಕೊಳದಲ್ಲಿ 2008ರಲ್ಲಿ ಸತ್ತ ಸಾವಿರಕ್ಕೂ ಹೆಚ್ಚು ಬಾತುಕೋಳಿಗಳಿಂದ ಪುಸ್ತಕಕ್ಕೆ ಹೆಸರು. ಹಾಗಿದ್ದೂ ಬೀಟನ್ ಯಾರನ್ನೂ ಖಳರನ್ನಾಗಿಸಿ ಕೈತೊಳೆದುಕೊಳ್ಳುವುದಿಲ್ಲ. ಆ ಗಂಡಸರೂ ಮನೆ ಬಿಟ್ಟು ಬಂದವರೇ. ಗಲ್ಫಿಗೆ ಮಕ್ಕಳನ್ನು ಕಳಿಸಿದ ಕರಾವಳಿಯ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಟನ್ ಹೆಸರು ಮಾಡಿದ್ದು 'ಹಾರ್ಕ್! ಎ ವ್ಯಾಗ್ರೆಂಟ್' ಎಂಬ ನಗೆ ವೆಬ್‌ಕಾಮಿಕ್‌ನಿಂದ ಎಂಬುದು ಈ ಪುಸ್ತಕ ಮುಗಿಸಿದವರಿಗೆ ನಂಬಲು ಕಷ್ಟ.

ಶುರುಮಾಡುವವರಿಗೆ

ಇಂಥ ಪುಸ್ತಕಗಳಲ್ಲಿ ಹೆಚ್ಚಿನವು ನಮಗೆ ಸಿಗುವುದು ಇಂಗ್ಲಿಷಿನಲ್ಲೇ. ಮೊದಲು ಗುಳ್ಳೆ ಮುಟ್ಟದೆ ಚಿತ್ರಗಳನ್ನಷ್ಟೇ ನೋಡಿ, ಆಮೇಲೆ ಓದಿ. ಕಾಮಿಕ್ಸ್ ಎಂದ ಮಾತ್ರಕ್ಕೆ ಮಕ್ಕಳ ಕೈಗೆ ಕೊಡಬೇಡಿ. ಮಾಂಗಾದಲ್ಲಿ 'ಶೋನೆನ್' ಎಂದರೆ ಹುಡುಗರಿಗೆ, 'ಸೇನೆನ್' ಎಂದರೆ ಬೆಳೆದ ಗಂಡಸರಿಗೆ ಎಂದು ಲೆಕ್ಕ. ಕದ್ದು ಹಾಕಿದ ಪ್ರತಿಗಳನ್ನು ಹುಡುಕುವ ಬದಲು, ಶುಎಯ್‌ಶ ಪ್ರಕಾಶನದ 'ಮಾಂಗಾ ಪ್ಲಸ್' ಆ್ಯಪ್‌ನಲ್ಲಿ ಹಲವು ಸರಣಿಗಳ ಮೊದಲ ಮತ್ತು ತೀರಾ ಈಚಿನ ಅಧ್ಯಾಯಗಳನ್ನು ಪುಕ್ಕಟೆ ಓದಬಹುದು.

ಮುಗಿದ ಸರಣಿಯಿಂದಲೇ ಶುರುಮಾಡುವುದು ಕ್ಷೇಮ. 'ಡೀಮನ್ ಸ್ಲೇಯರ್' 23 ಸಂಪುಟಕ್ಕೆ ಮುಗಿದಿದೆ. 1997ರಲ್ಲಿ ಶುರುವಾದ 'ಒನ್ ಪೀಸ್' 2021ರಲ್ಲೇ ನೂರನೆಯ ಸಂಪುಟ ಕಂಡಿತು. ಆಮೇಲೂ ಬರುತ್ತಲೇ ಇದೆ.