ನೀರಿನ ಮೇಲ್ಮೈ ಎಳೆತ: ಅಧ್ಯಯನದ ಇತಿಹಾಸ

ನೀರಿನ ಅಣುಗಳು ಒಂದನ್ನೊಂದು ಸೆಳೆದು ಹಿಡಿಯುವ ಗುಣ ಸಂಸಕ್ತಿ. ಗಾಜು, ಮಣ್ಣು, ಕಟ್ಟಿಗೆಯಂಥ ಬೇರೆ ವಸ್ತುವಿಗೆ ಅಂಟಿಕೊಳ್ಳುವ ಗುಣ ಆಸಂಜನ. ದ್ರವದ ಒಳಗಿರುವ ಅಣುವಿಗೆ ಎಲ್ಲ ಕಡೆಯಿಂದಲೂ ಸೆಳೆತವಿರುತ್ತದೆ. ಮೇಲ್ಪದರದ ಅಣುವಿಗೆ ಮೇಲಿನಿಂದ ಅದಿಲ್ಲ. ಹೀಗಾಗಿ ಮೇಲ್ಮೈ ಆದಷ್ಟೂ ಕುಗ್ಗಲು ನೋಡುತ್ತದೆ. ಇದೇ ಮೇಲ್ಮೈ ಎಳೆತ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿಗೆ ಇದರ ಮೌಲ್ಯ ಮೀಟರಿಗೆ 72.8 ಮಿಲಿನ್ಯೂಟನ್.

ಕೂದಲೆಳೆಯಂಥ ಲೋಮನಾಳದಲ್ಲಿ ನೀರು ತಾನಾಗಿ ಏರುವುದನ್ನು ಮೊದಲು ಗುರುತಿಸಿದವರು ಯಾರೆಂಬುದು ಇತ್ಯರ್ಥವಾಗಿಲ್ಲ. ವಾಡಿಕೆಯಲ್ಲಿ ಲಿಯೊನಾರ್ಡೊ ಡ ವಿಂಚಿಯ ಹೆಸರು ಹೇಳುತ್ತಾರೆ. ಎನ್‌ಸೈಕ್ಲೋಪೀಡಿಯ ಬ್ರಿಟಾನಿಕದ ಒಂಬತ್ತನೇ ಆವೃತ್ತಿಗೆ ಈ ವಿಷಯ ಬರೆದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಆ ಹೆಸರನ್ನು ಉಲ್ಲೇಖಿಸಿದರೂ, ಮೊದಲ ನಿಖರ ವೀಕ್ಷಣೆಯ ಶ್ರೇಯವನ್ನು ಫ್ರಾನ್ಸಿಸ್ ಹಾಕ್ಸ್‌ಬಿಗೆ ಕೊಟ್ಟರು. ನಾಳದ ನೀರನ್ನು ಗಾಳಿಯ ಒತ್ತಡವೇ ಮೇಲೆತ್ತುತ್ತದೆ ಎಂಬ ಊಹೆ ಹಾಕ್ಸ್‌ಬಿಗೆ ಮುನ್ನ ಬಲವಾಗಿತ್ತು. 1661ರಲ್ಲಿ ರಾಬರ್ಟ್ ಹುಕ್ ಅದನ್ನೇ ವಾದಿಸಿದ್ದರು. ನಿರ್ವಾತದಲ್ಲೂ ನೀರು ಅಷ್ಟೇ ಎತ್ತರಕ್ಕೆ ಏರುತ್ತದೆ, ಗಾಜಿನ ದಪ್ಪ ಹೆಚ್ಚಿದರೂ ಎತ್ತರ ಬದಲಾಗದು ಎಂದು ಹಾಕ್ಸ್‌ಬಿ ತೋರಿಸಿದ್ದರಿಂದ ಆ ಊಹೆ ಬಿದ್ದುಹೋಯಿತು. ನಾಳ ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ ಎಂಬ ನಿಯಮಕ್ಕೆ 1718ರಲ್ಲಿ ಅದನ್ನು ಮಂಡಿಸಿದ ಜೇಮ್ಸ್ ಜುರಿನ್ ಹೆಸರು ನಿಂತಿದೆ. ಇಟಲಿಯ ಜೊವಾನಿ ಅಲ್ಫೊನ್ಸೊ ಬೊರೆಲ್ಲಿ 1670ರಲ್ಲೇ ಇದನ್ನು ಹೇಳಿದ್ದರು.

1751ರಲ್ಲಿ ಯೋಹಾನ್ ಸೆಗ್ನರ್ ಮೇಲ್ಮೈಯನ್ನು ಬಿಗಿದ ಪೊರೆಯಂತೆ ಕಲ್ಪಿಸಿದರು. 1805ರಲ್ಲಿ ಥಾಮಸ್ ಯಂಗ್, ಮರುವರ್ಷ ಲಾಪ್ಲಾಸ್, ಮೇಲ್ಮೈಯ ಬಾಗಿಗೂ ಒತ್ತಡಕ್ಕೂ ಇರುವ ಸಂಬಂಧವನ್ನು ಸ್ಥಾಪಿಸಿದರು. ಯಂಗ್ ತಮ್ಮ ವಾದವನ್ನು ಹೆಚ್ಚುಕಡಿಮೆ ಮಾತಿನಲ್ಲೇ ಮುಗಿಸಿದ್ದರು, ಲಾಪ್ಲಾಸ್ ಗಣಿತದಲ್ಲಿ ಹೇಳಿದರು. ಇಂದು ಸೂತ್ರಕ್ಕೆ ಇಬ್ಬರ ಹೆಸರೂ ಇದೆ.

ಇದುವರೆಗಿನ ಸಿದ್ಧಾಂತವೆಲ್ಲ ಶುದ್ಧ ಮೇಲ್ಮೈಯನ್ನು ಕುರಿತದ್ದು. ನೀರಿನ ಮೇಲೆ ಜಿಡ್ಡಿನ ಲೇಶವಿದ್ದರೂ ಅಳತೆಗಳು ಏರುಪೇರಾಗುತ್ತಿದ್ದವು. ಆ ಜಿಡ್ಡನ್ನೇ ಅಳೆಯಬಹುದೆಂದು ತೋರಿಸಿದವರು ಆಗ್ನೆಸ್ ಪಾಕೆಲ್ಸ್. ಈ ಇತಿಹಾಸದ ನಿಜವಾದ ತಿರುವು ಅಲ್ಲಿದೆ. ಆದರೂ ಅನೇಕ ಪಠ್ಯಗಳಲ್ಲಿ ಅವರಿಗೆ ಒಂದು ಸಾಲೂ ಸಿಕ್ಕಿಲ್ಲ. 1862ರಲ್ಲಿ ವೆನಿಸ್‌ನಲ್ಲಿ ಹುಟ್ಟಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಬೆಳೆದ ಪಾಕೆಲ್ಸ್‌ಗೆ ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಹೆತ್ತವರ ಆರೈಕೆ, ಮನೆವಾರ್ತೆಗಳ ನಡುವೆ ತಮ್ಮ ಫ್ರೀಡ್ರಿಕ್ ಒದಗಿಸಿದ ಪುಸ್ತಕಗಳಿಂದ ಭೌತವಿಜ್ಞಾನ ಕಲಿತರು. ಪ್ರಯೋಗ ಶುರುವಾದದ್ದು 1880ರಲ್ಲೋ 1882ರಲ್ಲೋ ಎಂಬುದರಲ್ಲಿ ಆಕರಗಳಿಗೆ ಒಮ್ಮತವಿಲ್ಲ. ಪಾತ್ರೆ ತೊಳೆದ ಜಿಡ್ಡುನೀರೇ ಪ್ರೇರಣೆಯಾಯಿತೆಂಬ ಜನಪ್ರಿಯ ಕಥನಕ್ಕೆ ಮುಖ್ಯ ಆಧಾರ ಕುಟುಂಬದವರು ಮುಂದೆ ಬರೆದ ನೆನಪುಗಳು. ಉಪಕರಣದ ಬಗ್ಗೆ ಮಾತ್ರ ಗೊಂದಲವಿಲ್ಲ. ತವರದ ತೊಟ್ಟಿಯ ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿ ಇಟ್ಟ ಲೋಹದ ಪಟ್ಟಿಯನ್ನು ಸರಿಸಿ ಮೇಲ್ಮೈಯನ್ನು ಹಿಗ್ಗಿಸುತ್ತ ಕುಗ್ಗಿಸುತ್ತ, ನೀರಿಗೆ ತಾಗಿದ ಪುಟ್ಟ ಬಿಲ್ಲೆಯನ್ನು ಬಿಡಿಸಲು ಬೇಕಾದ ಬಲವನ್ನು ತಕ್ಕಡಿಯಿಂದ ಅಳೆಯುತ್ತಿದ್ದರು. ಜಿಡ್ಡು ಹರಡಿದ ಮೇಲ್ಮೈಯನ್ನು ಕುಗ್ಗಿಸುತ್ತ ಹೋದರೆ ಒಂದು ಮಿತಿಯವರೆಗೆ ಎಳೆತ ಹೆಚ್ಚು ಬದಲಾಗದೆ, ಆ ಬಳಿಕ ಥಟ್ಟನೆ ಇಳಿಯುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ.

ಎಣ್ಣೆಪೊರೆಗಳ ಕುರಿತು ಲಾರ್ಡ್ ರೇಲಿ 1890ರಲ್ಲಿ ಪ್ರಯೋಗಗಳನ್ನು ಪ್ರಕಟಿಸಿದ್ದನ್ನು ತಿಳಿದು ಪಾಕೆಲ್ಸ್ 1891ರ ಜನವರಿಯಲ್ಲಿ ಅವರಿಗೆ ಜರ್ಮನ್ ಭಾಷೆಯಲ್ಲಿ ಪತ್ರ ಬರೆದರು. ರೇಲಿಯವರ ಪತ್ನಿ ಅದನ್ನು ಅನುವಾದಿಸಿದರು. ರೇಲಿ ಶಿಫಾರಸಿನೊಂದಿಗೆ ಕಳಿಸಿದ ಆ ಪತ್ರ ಅದೇ ಮಾರ್ಚ್ 12ರ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. 1899ರಲ್ಲಿ ರೇಲಿ, ಪಾಕೆಲ್ಸ್ ಕಂಡ ಮಿತಿಯಲ್ಲಿ ಪೊರೆಯ ದಪ್ಪ ಒಂದೇ ಅಣುವಿನಷ್ಟು ಎಂದು ವಿವರಿಸಿದರು. ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅದೇ ಬಗೆಯ ತೊಟ್ಟಿಯನ್ನು ಸುಧಾರಿಸಿ 1917ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಮೇಲ್ಮೈ ರಸಾಯನವಿಜ್ಞಾನಕ್ಕಾಗಿ 1932ರಲ್ಲಿ ನೊಬೆಲ್ ಪಡೆದರು. ಅದೇ ವರ್ಷ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಲಯ ಎಪ್ಪತ್ತು ವಯಸ್ಸಿನ ಪಾಕೆಲ್ಸ್‌ಗೆ ಗೌರವ ಡಾಕ್ಟರೇಟ್ ನೀಡಿತು. ತೊಟ್ಟಿ ಮಾತ್ರ ಇಂದಿಗೂ ಹೆಚ್ಚಾಗಿ ಲ್ಯಾಂಗ್‌ಮ್ಯೂರ್ ಹೆಸರಿನಲ್ಲೇ ಇದೆ. ಇದು ನ್ಯಾಯವಲ್ಲ.

ಭಾರತದಲ್ಲಿ ಸಿ. ವಿ. ರಾಮನ್ ತಮ್ಮ ಆರಂಭದ ಪ್ರಬಂಧಗಳಲ್ಲೊಂದನ್ನು, 1907ರಲ್ಲಿ, ದ್ರವದ ಬಾಗನ್ನು ಅಳೆದು ಮೇಲ್ಮೈ ಎಳೆತ ಕಂಡುಹಿಡಿಯುವ ವಿಧಾನಕ್ಕೆ ಮೀಸಲಿಟ್ಟರು. ನೀರಿನ ಅಣುಗಳ ಬಿಗಿ ಹಿಡಿತಕ್ಕೆ ಹೈಡ್ರೊಜನ್ ಬಂಧ ಕಾರಣವೆಂಬ ವಿವರಣೆ 1920ರಲ್ಲಿ ಲ್ಯಾಟಿಮರ್ ಮತ್ತು ರೋಡ್‌ಬುಷ್ ಅವರಿಂದ ಬಂತು.

ಹೆಚ್ಚು ಕಾಲ ಎಳೆದಾಡಿದ ವಿವಾದ ಮರಗಳದ್ದು: ಬೇರಿನ ನೀರು ತುದಿಯವರೆಗೆ ಏರುವುದು ಹೇಗೆ? ವಾಯುಭಾರ ನೀರನ್ನು ಸುಮಾರು 10 ಮೀಟರ್ ಮಾತ್ರ ಎತ್ತಬಲ್ಲದು; ಕ್ಯಾಲಿಫೋರ್ನಿಯದ ರೆಡ್‌ವುಡ್‌ಗಳು 100 ಮೀಟರ್ ದಾಟುತ್ತವೆ. ಎಲೆಗಳಿಂದ ನೀರು ಆವಿಯಾದಂತೆಲ್ಲ ಕಡಿಯದ ನೀರಿನ ಎಳೆಯೊಂದು ಬೇರಿನಿಂದ ಮೇಲಕ್ಕೆ ಎಳೆಯಲ್ಪಡುತ್ತದೆ, ಸಂಸಕ್ತಿಯೇ ಅದನ್ನು ತುಂಡಾಗದಂತೆ ಹಿಡಿದಿಡುತ್ತದೆ ಎಂದು ಡಬ್ಲಿನ್‌ನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ 1894ರಲ್ಲಿ ಸೂಚಿಸಿದರು. ಜಗದೀಶ್ ಚಂದ್ರ ಬೋಸ್ ಇದನ್ನು ಒಪ್ಪದೆ, ಜೀವಂತ ಕೋಶಗಳ ಮಿಡಿತವೇ ರಸವನ್ನು ಏರಿಸುತ್ತದೆಂದು 1923ರ ಗ್ರಂಥದಲ್ಲಿ ವಾದಿಸಿದರು. ಕೊಂದ ಮರದಲ್ಲೂ ರಸ ಏರುತ್ತದೆಂದು ಎಡ್ವರ್ಡ್ ಸ್ಟ್ರಾಸ್‌ಬರ್ಗರ್ 1891ರಲ್ಲೇ ತೋರಿಸಿದ್ದು ಬೋಸ್ ವಾದಕ್ಕೆ ತೊಡಕಾಗಿತ್ತು. 1990ರ ದಶಕದಲ್ಲಿ ಹೊಸ ಅಳತೆಗಳು ಸಂಸಕ್ತಿ ಸಿದ್ಧಾಂತವನ್ನು ಮತ್ತೆ ಪ್ರಶ್ನಿಸಿದಾಗ, 1995ರಲ್ಲಿ ಎರಡು ಪ್ರತ್ಯೇಕ ತಂಡಗಳು ಕೊಂಬೆಗಳನ್ನು ಗಿರಗಿರನೆ ತಿರುಗಿಸಿ, ಅವುಗಳೊಳಗಿನ ನೀರು ಸಿದ್ಧಾಂತ ಕೇಳುವಷ್ಟು ಎಳೆತವನ್ನು ತಾಳುತ್ತದೆಂದು ಸಾಬೀತುಪಡಿಸಿದವು. ಈಗ ಸಸ್ಯವಿಜ್ಞಾನಿಗಳಲ್ಲಿ ಬಹುಪಾಲು ಜನ ಡಿಕ್ಸನ್ ಮತ್ತು ಜೋಲಿಯವರ ವಿವರಣೆಯನ್ನು ಒಪ್ಪುತ್ತಾರೆ. ಗಾಳಿಗುಳ್ಳೆ ಕಟ್ಟಿದ ನಾಳಗಳಿಗೆ ಮರ ಮತ್ತೆ ನೀರು ತುಂಬಿಸಿಕೊಳ್ಳುತ್ತದೆಯೆ, ತುಂಬಿಸಿಕೊಂಡರೆ ಹೇಗೆ ಎಂಬ ಚರ್ಚೆ ನಡೆಯುತ್ತಲೇ ಇದೆ.