ಮಂಡ್ಯ ಜಿಲ್ಲೆ: ಹವಾಮಾನ ವೈಪರೀತ್ಯಕ್ಕೆ ಸ್ಥಳೀಯ ಪ್ರತಿವಿಧಾನ

1939ರಲ್ಲಿ ಮೈಸೂರು ಜಿಲ್ಲೆಯಿಂದ ಪ್ರತ್ಯೇಕಗೊಂಡ ಮಂಡ್ಯ ಜಿಲ್ಲೆಯು ಕನ್ನಂಬಾಡಿ ಕಟ್ಟೆಯ ನೀರನ್ನು ವಿಶ್ವೇಶ್ವರಯ್ಯ ನಾಲೆಯ ಮೂಲಕ ಪಡೆದು ಭತ್ತ, ಕಬ್ಬುಗಳ ನಾಡೆಂದು ಪ್ರಸಿದ್ಧಿವಡೆದಿದ್ದರೂ, ಆ ಸಮೃದ್ಧಿಯು ದೂರದ ಕೊಡಗಿನ ಮುಂಗಾರನ್ನು ಆಶ್ರಯಿಸಿರುವುದರಿಂದ, ಅಲ್ಲಿ ಮಳೆ ಕೈಕೊಟ್ಟ ವರ್ಷ ನಾಲೆಯ ಕೊನೆಭಾಗದಲ್ಲಿರುವ ಮದ್ದೂರು, ಮಳವಳ್ಳಿಗಳ ಗದ್ದೆಗಳು ಮೊದಲು ಒಣಗುತ್ತವೆ. 2022ರಲ್ಲಿ ಅತಿವೃಷ್ಟಿ, ಮರುವರ್ಷವೇ ಬರ. ಇಲ್ಲಿಯ ರೈತನಿಗೆ ತಾಪದ ಏರಿಕೆಗಿಂತ ಈ ಅನಿಶ್ಚಿತತೆಯೇ ಹೆಚ್ಚಿನ ಸಂಕಟ.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು (ನಿಧನ 2022) ಕುಂದಿನಿಬೆಟ್ಟದ ಇಳಿಜಾರಿನಲ್ಲಿ ಸ್ವಂತ ದುಡಿಮೆಯಿಂದ ತೋಡಿಸಿದ ಸುಮಾರು 16 ಕಟ್ಟೆಗಳು ಹರಿದುಹೋಗುವ ಮಳೆನೀರನ್ನು ತಡೆದು, ದನಕರುಗಳಿಗೂ ವನ್ಯಮೃಗಗಳಿಗೂ ಬೇಸಿಗೆಯಲ್ಲಿ ಆಸರೆಯಾದವು. ನಾಲೆಯ ವೈಭವದಲ್ಲಿ ಜಿಲ್ಲೆ ಬಹುಮಟ್ಟಿಗೆ ಮರೆತಿದ್ದ ವಿದ್ಯೆಯಿದು. ಅದೇ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನರು ನೂರಾರು ದೇಶೀ ಭತ್ತದ ತಳಿಗಳನ್ನು ಪ್ರತಿವರ್ಷವೂ ಬಿತ್ತಿ ಉಳಿಸಿಕೊಂಡು ಬಂದಿರುವರು. ಬೀಜವನ್ನು ಕಣಜದಲ್ಲಿಡದೆ ಮಣ್ಣಿನಲ್ಲಿಯೇ ಕಾಪಾಡುವುದರಿಂದ ಅದು ಬದಲಾಗುವ ಋತುಮಾನಕ್ಕೆ ಹೊಂದಿಕೊಳ್ಳುತ್ತ ಸಾಗುತ್ತದೆ.

ಸದಾ ನೀರು ನಿಲ್ಲಿಸಿದ ಗದ್ದೆಯಿಂದ ಭೂಮಿಯ ತಾಪವನ್ನೇರಿಸುವ ಮೀಥೇನ್ ಅನಿಲ ಹೊಮ್ಮುವುದರಿಂದ, ಮಡಿಯನ್ನು ಆಗಾಗ್ಗೆ ಆರಗೊಟ್ಟು ಮತ್ತೆ ನೀರು ಕಟ್ಟುವ ಕ್ರಮವು ನೀರನ್ನುಳಿಸುವುದರ ಜೊತೆಗೆ ಆ ಅನಿಲವನ್ನೂ ತಗ್ಗಿಸುವುದು. ಕಬ್ಬಿನ ತರಗನ್ನು ಸುಡದೆ ಸಾಲುಗಳ ನಡುವೆ ಹರಡಿದರೆ ಮಣ್ಣಿನ ತೇವ ಉಳಿಯುವುದು. ಆದರೆ ನಾಲೆಯ ನೀರಿನ ಕರವು ಬಳಸಿದ ನೀರಿನ ಅಳತೆಯನ್ನು ಬಿಟ್ಟು ಬೆಳೆಯನ್ನೂ ವಿಸ್ತೀರ್ಣವನ್ನೂ ಅನುಸರಿಸುವುದರಿಂದ, ಮೇಲ್ಭಾಗದ ರೈತನು ಉಳಿಸಿದ ನೀರಿಗೆ ಅವನಿಗೆ ಯಾವ ಪ್ರತಿಫಲವೂ ದೊರೆಯದು.