ಟೆಲಿಫೋನಿನ ಹಳೆಯ ಲೆಕ್ಕ, ಕಂಪ್ಯೂಟರಿನ ಹೊಸ ಕೆಲಸ

ಫೋನ್ ಮಾಡುವವರು ಸಿದ್ಧ, ಆ ಕಡೆಯವರ ಫೋನೂ ಬಿಡುವಾಗಿದೆ. ಆದರೆ ನಡುವೆ ದಾರಿಯೇ ಇಲ್ಲ. 'ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ' ಎಂಬ ದನಿ ಕೇಳಿ ಬೇಸತ್ತವರಿಗೆ ಈ ಕಷ್ಟ ಗೊತ್ತು. ಎಕ್ಸ್‌ಚೇಂಜಿನ ಒಳಗೇ ದಾರಿ ಸಿಗದ ಇಂಥ ತೊಡಕಿಗೆ ಕಡಿಮೆ ಖರ್ಚಿನ ಪರಿಹಾರವನ್ನು ಗಣಿತದಲ್ಲಿ ಹುಡುಕಿದವರು ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನ ಚಾರ್ಲ್ಸ್ ಕ್ಲೋಸ್. 1953ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಮೇಲೆಯೇ ಇಂದಿನ ದೊಡ್ಡ ಡೇಟಾ ಸೆಂಟರ್‌ಗಳ ಜಾಲ ನಿಂತಿದೆ.

ಆಗ ಬಳಕೆಯಲ್ಲಿದ್ದುದು ಕ್ರಾಸ್‌ಬಾರ್ ಸ್ವಿಚ್. ಅಡ್ಡ ಸಾಲಿನಲ್ಲಿ ಒಳಬರುವ ತಂತಿಗಳು, ಉದ್ದ ಸಾಲಿನಲ್ಲಿ ಹೊರಹೋಗುವ ತಂತಿಗಳು. ಅವು ಕೂಡುವಲ್ಲೆಲ್ಲ ಒಂದೊಂದು ಸಂಪರ್ಕ ಬಿಂದು. ಯಾರಿಗೂ ದಾರಿ ತಪ್ಪದಂತೆ ಒಂದೇ ಸ್ವಿಚ್ ಕಟ್ಟಿದರೆ 36 ತಂತಿಗಳಿಗೆ 1,296 ಬಿಂದುಗಳು ಬೇಕು. 10,000 ತಂತಿಗಳಿಗೆ ಬೇಕಾಗುವುದು 10 ಕೋಟಿ!

ಕ್ಲೋಸ್ ಒಂದು ದೊಡ್ಡ ಸ್ವಿಚ್ಚನ್ನು ಬಿಟ್ಟು ಹಲವು ಚಿಕ್ಕವನ್ನು ಮೂರು ಸಾಲಿನಲ್ಲಿ ಜೋಡಿಸಿದರು. 36 ತಂತಿಗಳನ್ನು ಆರಾರರಂತೆ ಹಂಚಿದರೆ ಮೊದಲ ಸಾಲಿಗೆ ಆರು ಸ್ವಿಚ್, ಕೊನೆಯ ಸಾಲಿಗೆ ಆರು. ನಡುವೆ ಹನ್ನೊಂದು, ಪ್ರತಿಯೊಂದಕ್ಕೂ ಎರಡೂ ಬದಿಯ ಎಲ್ಲ ಸ್ವಿಚ್‌ಗಳ ಸಂಪರ್ಕ. ಹನ್ನೊಂದೇ ಏಕೆ? ಹೊಸ ಕರೆ ಬಂದಾಗ ಈ ಬದಿಯ ಗುಂಪಿನ ಉಳಿದ ಐದು ತಂತಿಗಳು ನಡುವಿನ ಐದು ಸ್ವಿಚ್ ಹಿಡಿದಿರಬಹುದು, ಆ ಬದಿಯ ಐದು ತಂತಿಗಳು ಬೇರೆ ಐದನ್ನು. ಹತ್ತೂ ಹೋದರೂ ಹನ್ನೊಂದನೆಯದು ಖಾಲಿ ಇದ್ದೇ ಇರುತ್ತದೆ. ಬಿಂದುಗಳ ಸಂಖ್ಯೆ 1,188ಕ್ಕೆ ಇಳಿಯುತ್ತದೆ. 10,000 ತಂತಿಗಳಿಗೆ ಇದೇ ವಿಧಾನ ಅನುಸರಿಸಿದರೆ 10 ಕೋಟಿಯ ಬದಲು 60 ಲಕ್ಷಕ್ಕೂ ಕಡಿಮೆ ಬಿಂದುಗಳು ಸಾಕು.

ಅರ್ಧ ಶತಮಾನದ ಬಳಿಕ ಅದೇ ತೊಡಕು ಕಂಪ್ಯೂಟರುಗಳಿಗೆ ಎದುರಾಯಿತು. ಡೇಟಾ ಸೆಂಟರ್‌ನ ಸಾವಿರಾರು ಸರ್ವರ್‌ಗಳು ಹೊರಗಿನವರೊಡನೆ ಮಾತ್ರವಲ್ಲ, ತಮ್ಮತಮ್ಮೊಳಗೂ ಎಡೆಬಿಡದೆ ಮಾತನಾಡಬೇಕು. ಅವನ್ನು ಮರದ ಆಕಾರದಲ್ಲಿ ಜೋಡಿಸುವುದು ಆಗ ರೂಢಿಯಾಗಿತ್ತು. ಎಲ್ಲ ಸಂಚಾರವೂ ಬುಡದ ಒಂದೆರಡು ಸ್ವಿಚ್‌ಗಳನ್ನು ಹಾಯಬೇಕಾದ್ದರಿಂದ ಅವು ವಿಪರೀತ ದುಬಾರಿ. ಕೆಟ್ಟರೆ ಇಡೀ ಜಾಲಕ್ಕೇ ಪೆಟ್ಟು. ಬುಡದತ್ತ ಬಂದಂತೆ ಕೊಂಬೆ ದಪ್ಪವಾಗುವ 'ಫ್ಯಾಟ್ ಟ್ರೀ' ರಚನೆಯನ್ನು ಚಾರ್ಲ್ಸ್ ಲೈಸರ್‌ಸನ್ 1985ರಲ್ಲಿಯೇ ಸೂಚಿಸಿದ್ದರು.

ಈ ಎರಡು ವಿಚಾರಗಳನ್ನೂ ಬೆಸೆದು 2008ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೊಹಮ್ಮದ್ ಅಲ್-ಫಾರೆಸ್, ಅಲೆಕ್ಸಾಂಡರ್ ಲೂಕಿಸಾಸ್ ಮತ್ತು ಅಮೀನ್ ವಹ್ದತ್ ಒಂದು ಲೆಕ್ಕ ಮುಂದಿಟ್ಟರು. ತಲಾ 48 ಕಿಂಡಿಗಳ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ವಿಚ್ 2,880 ಇದ್ದರೆ 27,648 ಸರ್ವರ್‌ಗಳನ್ನು ಪೂರ್ಣ ವೇಗದಲ್ಲಿ ಬೆಸೆಯಬಹುದು. ದೈತ್ಯ ಸ್ವಿಚ್ ಒಂದೂ ಬೇಡ. ತಾನು ಹತ್ತು ವರ್ಷಗಳಿಂದ ಕ್ಲೋಸ್ ಮಾದರಿಯನ್ನೇ ಬಳಸುತ್ತಿರುವುದಾಗಿ ಗೂಗಲ್ 2015ರ ಪ್ರಬಂಧದಲ್ಲಿ ತಿಳಿಸಿತು.

ಇದು ಪುಕ್ಕಟೆಯ ಲಾಭವಲ್ಲ. ಆ ಲೆಕ್ಕದ ಜಾಲಕ್ಕೆ 82,944 ಕೇಬಲ್ ಎಳೆಯಬೇಕು. ಮೇಲಾಗಿ, ಟೆಲಿಫೋನ್ ಕರೆಯಂತೆ ದಾರಿಯನ್ನು ಕಾದಿರಿಸುವ ಪದ್ಧತಿ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಭಾರಿ ಪ್ರವಾಹಗಳು ಒಂದೇ ದಾರಿಗೆ ಬಿದ್ದರೆ, ಪಕ್ಕದ ದಾರಿ ಖಾಲಿ ಇದ್ದರೂ ದಟ್ಟಣೆಯೇ. ದಾರಿಗಳನ್ನು ಹೆಚ್ಚಿಸುವ ಉಪಾಯವನ್ನು ಕ್ಲೋಸ್ ಕೊಟ್ಟರು. ಸಂಚಾರವನ್ನು ಅವುಗಳಿಗೆ ಸಮನಾಗಿ ಹಂಚುವ ಕೆಲಸದಲ್ಲಿ ಎಂಜಿನಿಯರುಗಳು ಇಂದಿಗೂ ತೊಡಗಿದ್ದಾರೆ.